ಸಾವಿರ ಬಂದೂಕಿಗೆ ಒಂದೇ ಅಚ್ಚು: ಜಾನ್ ಹಾಲ್ ಎಂಬ ಹಠವಾದಿಯ ಕಥೆ

ಬೈಕಿನ ಬ್ರೇಕ್ ಲಿವರ್ ಮುರಿದರೆ ಯಾರೂ ಕಮ್ಮಾರನನ್ನು ಹುಡುಕಿಕೊಂಡು ಹೋಗುವುದಿಲ್ಲ. ಅಂಗಡಿಗೆ ಹೋಗಿ ಬೈಕಿನ ಮಾಡೆಲ್ ಹೇಳಿದರೆ ಸಾಕು, ಡಬ್ಬಿಯಿಂದ ತೆಗೆದುಕೊಟ್ಟ ಹೊಸ ಲಿವರ್ ಹಳೆಯದರ ಜಾಗದಲ್ಲಿ ಸರಿಯಾಗಿ ಕೂರುತ್ತದೆ. ಉಜ್ಜುವುದು, ತಟ್ಟುವುದು, ಸವರುವುದು ಏನೂ ಬೇಕಿಲ್ಲ. ಇದರಲ್ಲೇನು ವಿಶೇಷ ಎಂದು ಇವತ್ತು ಅನ್ನಿಸಬಹುದು. ಆದರೆ ಇನ್ನೂರು ವರ್ಷಗಳ ಹಿಂದೆ ಇದು ಆಗದ ಹೋಗದ ಮಾತಾಗಿತ್ತು. ಅದನ್ನು ಯಂತ್ರಗಳಿಂದ ಮಾಡಿ ತೋರಿಸಿದ ಮೊದಲಿಗರಲ್ಲಿ ಅಮೆರಿಕದ ಜಾನ್ ಹ್ಯಾನ್‌ಕಾಕ್ ಹಾಲ್ ಪ್ರಮುಖ. ಅವನು ಹಿಡಿದದ್ದು ಬಂದೂಕಿನ ಕೆಲಸ. ಅವನ ಹೆಸರಿನ ಕಾರ್ಬೈನ್, ಅಂದರೆ ಕುದುರೆ ಸವಾರರ ಗಿಡ್ಡ ಬಂದೂಕು, ಇಂದು ಮ್ಯೂಸಿಯಂಗಳ ಗಾಜಿನ ಪೆಟ್ಟಿಗೆಯಲ್ಲಿದೆ. ಅದನ್ನು ತಯಾರಿಸಲು ಅವನು ಕಂಡುಕೊಂಡ ವಿಧಾನ ಮಾತ್ರ ಜಗತ್ತಿನ ಎಲ್ಲ ಕಾರ್ಖಾನೆಗಳಲ್ಲೂ ಜೀವಂತವಾಗಿದೆ.

ದೋಣಿ ಕಟ್ಟುವವನಿಗೆ ಬಂದೂಕಿನ ಹುಚ್ಚು

ಹಾಲ್ ಹುಟ್ಟಿದ್ದು 1781ರ ಜನವರಿ 21ರಂದು, ಇಂದಿನ ಮೇನ್ ರಾಜ್ಯದ ಪೋರ್ಟ್‌ಲೆಂಡ್‌ನಲ್ಲಿ. ತಂದೆ ಹಾರ್ವರ್ಡ್‌ನಲ್ಲಿ ಓದಿದವನು. ಮಗನಿಗೆ ಕಾಲೇಜಿನ ಯೋಗ ಇರಲಿಲ್ಲ. ಬಡಗಿ ಕೆಲಸ, ಪೀಪಾಯಿ ಮಾಡುವುದು, ದೋಣಿ ಕಟ್ಟುವುದು ಅವನ ಕಸುಬಾಯಿತು. ಪೋರ್ಟ್‌ಲೆಂಡ್ ಬಂದರು ಊರು, ಇಂಥ ಕೆಲಸಕ್ಕೆ ಅಲ್ಲಿ ಬರವಿರಲಿಲ್ಲ.

ಆ ಕಾಲದ ಅಮೆರಿಕದಲ್ಲಿ ಊರಿನ ಯುವಕರು ಸ್ಥಳೀಯ ಪಡೆ ಸೇರಿ ಕವಾಯತು ಮಾಡುವುದು ವಾಡಿಕೆ. ಹಾಲ್ ಕೂಡ ಸೇರಿದ್ದ. ಕವಾಯತಿನಲ್ಲಿ ಬಂದೂಕು ಹಿಡಿದಾಗ ಅದರ ತೊಡಕು ಅವನ ಅರಿವಿಗೆ ಬಂತು. ಅಂದಿನ ಬಂದೂಕಿಗೆ ಮದ್ದು, ಗುಂಡು ತುಂಬಬೇಕಿದ್ದದ್ದು ನಳಿಕೆಯ ಬಾಯಿಂದ. ನಿಂತುಕೊಂಡು, ಉದ್ದನೆಯ ಸಲಾಕೆಯಿಂದ ಕೆಳತನಕ ತಳ್ಳಬೇಕು. ನಳಿಕೆಯ ಒಳಗೆ ತಿರುಪಿನಂಥ ಗಾಡಿಗಳಿರುವ ರೈಫಲ್ ಆದರೆ ಗುಂಡು ಬಿಗಿಯಾಗಿ ಕೂರಬೇಕು, ತಳ್ಳುವುದು ಇನ್ನೂ ಕಷ್ಟ. ರೈಫಲ್ ಗುರಿಗೆ ಒಳ್ಳೆಯದು, ಆದರೆ ನಿಧಾನ. ಮಸ್ಕೆಟ್ ಬೇಗ ತುಂಬಬಹುದು, ಆದರೆ ಗುರಿ ಅಷ್ಟಕ್ಕಷ್ಟೆ. ಎರಡರ ಒಳ್ಳೆಯ ಗುಣವೂ ಒಂದರಲ್ಲೇ ಸಿಗಬಾರದೇಕೆ ಎಂಬ ಯೋಚನೆ ಅವನನ್ನು ಹಿಡಿಯಿತು.

ಅವನು ಕಂಡುಕೊಂಡ ಉಪಾಯ ಸರಳ. ನಳಿಕೆಯ ಬುಡವನ್ನು ಬೇರೆ ತುಂಡಾಗಿ ಮಾಡಿದ. ಕೆಳಗಿನ ಚಿಲಕ ಒತ್ತಿದರೆ ಆ ತುಂಡಿನ ಮುಂಭಾಗ ಮೇಲಕ್ಕೆ ಏಳುತ್ತದೆ. ಅಲ್ಲೇ ಮದ್ದು, ಗುಂಡು ಹಾಕಿ ಕೆಳಕ್ಕೆ ಒತ್ತಿದರೆ ಮತ್ತೆ ನಳಿಕೆಗೆ ಸರಿಯಾಗಿ ಜೋಡಿಯಾಗುತ್ತದೆ. ಮಲಗಿಕೊಂಡೂ ತುಂಬಬಹುದು, ಕುದುರೆಯ ಮೇಲೆ ಕೂತೂ ತುಂಬಬಹುದು. ಕಿಡಿ ಹೊತ್ತಿಸುವ ಕೀಲು ಕೂಡ ಆ ತುಂಡಿನ ಮೇಲೇ ಕೂತಿತ್ತು. ಕೀಲು ನಟ್ಟನಡುವೆ ಇದ್ದುದರಿಂದ ಗುರಿ ನೋಡುವ ಕಣ್ಣಿಗೆ ಅಡ್ಡ ಬರುತ್ತಿತ್ತು. ಹಾಗಾಗಿ ಗುರಿಕಡ್ಡಿಗಳನ್ನು ಸ್ವಲ್ಪ ಎಡಕ್ಕೆ ಸರಿಸಿ ಕೂರಿಸಬೇಕಾಯಿತು.

ಪೇಟೆಂಟ್ ಕಚೇರಿಯಲ್ಲಿ ಕಾದಿದ್ದ ಪಾಲುದಾರ

ಪೇಟೆಂಟ್‌ಗೆ ಅರ್ಜಿ ಹಾಕಿದಾಗ ಹಾಲ್‌ಗೆ ಮೊದಲ ಪೆಟ್ಟು ಬಿತ್ತು. ಪೇಟೆಂಟ್ ಕಚೇರಿಯ ಮುಖ್ಯಸ್ಥ ವಿಲಿಯಂ ಥಾರ್ನ್‌ಟನ್ ಸಾಮಾನ್ಯ ವ್ಯಕ್ತಿಯಲ್ಲ. ವಾಷಿಂಗ್ಟನ್‌ನ ಕ್ಯಾಪಿಟಲ್ ಕಟ್ಟಡದ ಮೊದಲ ವಿನ್ಯಾಸ ಅವನದೇ. ಇಂಥದ್ದೊಂದು ಬಂದೂಕಿನ ಯೋಚನೆ ತನಗೆ ವರ್ಷಗಳ ಹಿಂದೆಯೇ ಹೊಳೆದಿತ್ತು ಎಂದು ಅವನು ವಾದಿಸಿದ. ಬುಡದಿಂದ ತುಂಬುವ ಬಂದೂಕು ಹೊಸತೇನಲ್ಲ ಎನ್ನುವುದೂ ನಿಜವಿತ್ತು. ಬ್ರಿಟಿಷ್ ಸೇನೆಯ ಪ್ಯಾಟ್ರಿಕ್ ಫರ್ಗ್ಯುಸನ್ 1776ರಲ್ಲೇ ತಿರುಪಿನ ಬುಡದ ರೈಫಲ್ ಒಂದನ್ನು ಮಾಡಿ ತೋರಿಸಿದ್ದ. ಪೋರ್ಟ್‌ಲೆಂಡ್‌ನ ದೋಣಿಗಾರನಿಗೆ ಅದರ ಸುದ್ದಿ ಗೊತ್ತಿರಲಿಲ್ಲ.

ಜಗಳವಾಡಿದರೆ ಪೇಟೆಂಟೇ ಕೈತಪ್ಪುವ ಭಯ. ಕೊನೆಗೆ 1811ರ ಮೇ 21ರಂದು ಇಬ್ಬರ ಹೆಸರಿನಲ್ಲೂ ಪೇಟೆಂಟ್ ಬಂತು. ದುಡಿಮೆ ಹಾಲ್‌ನದು, ಹಕ್ಕಿನಲ್ಲಿ ಅರ್ಧ ಥಾರ್ನ್‌ಟನ್‌ನದು. ಈ ಪಾಲುದಾರಿಕೆ ಹಾಲ್‌ಗೆ ಬಹುಕಾಲ ಕಾಡಿತು.

ಮುಂದಿನ ಕೆಲವು ವರ್ಷ ಹಾಲ್ ತನ್ನ ಊರಿನಲ್ಲೇ ಕೆಲವು ಬಂದೂಕುಗಳನ್ನು ಮಾಡಿ ಮಾರಿದ. ಕೈಗೆ ಬಂದದ್ದಕ್ಕಿಂತ ಹೋದದ್ದೇ ಹೆಚ್ಚು. ಸಾಲ ಬೆಳೆಯಿತು. 1812ರಲ್ಲಿ ಬ್ರಿಟನ್ ಜೊತೆ ಯುದ್ಧ ಶುರುವಾದಾಗ ಸೇನೆಗೆ ಅವನ ಬಂದೂಕಿನ ಮೇಲೆ ಕಣ್ಣು ಬಿತ್ತು. ಆದರೆ ನೂರಾರು ಬಂದೂಕುಗಳನ್ನು ಒಮ್ಮೆಗೇ ಒದಗಿಸುವ ತಾಕತ್ತು ಅವನ ಸಣ್ಣ ಅಂಗಡಿಗೆ ಇರಲಿಲ್ಲ. ಆಗಲೇ ಅವನ ತಲೆಯಲ್ಲಿ ಎರಡನೆಯ ಯೋಚನೆ ಬೇರು ಬಿಟ್ಟಿತು. ಬಂದೂಕು ಒಳ್ಳೆಯದಾಗಿದ್ದರೆ ಸಾಲದು, ಪ್ರತಿಯೊಂದೂ ಮೊದಲನೆಯದರ ಪಡಿಯಚ್ಚಾಗಿರಬೇಕು.

ಪಡಿಯಚ್ಚು ಯಾಕೆ ಕಷ್ಟ?

ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಹಾಲ್ ಜೀವನದ ಅಸಲಿ ಹೋರಾಟ ಇರುವುದೇ ಇಲ್ಲಿ.

ಅಂದಿನ ಬಂದೂಕುಗಳು ಅಕ್ಕಸಾಲಿಗನ ಒಡವೆಗಳಂತೆ. ಒಬ್ಬ ಕುಶಲಕರ್ಮಿ ಒಂದು ಕೀಲು ಮಾಡಿ, ಅರದಿಂದ ಉಜ್ಜಿ ಉಜ್ಜಿ ಅದೇ ಬಂದೂಕಿಗೆ ಹೊಂದಿಸುತ್ತಿದ್ದ. ನೋಡಲು ಹತ್ತೂ ಒಂದೇ ಥರ. ಆದರೆ ಒಂದರ ಕೀಲು ತೆಗೆದು ಇನ್ನೊಂದಕ್ಕೆ ಹಾಕಿದರೆ ಕೂರುತ್ತಿರಲಿಲ್ಲ. ಯುದ್ಧಭೂಮಿಯಲ್ಲಿ ಒಂದು ಸ್ಪ್ರಿಂಗ್ ಮುರಿದರೆ ಆ ಬಂದೂಕು ಬರೀ ದೊಣ್ಣೆ. ಫ್ರಾನ್ಸ್‌ನಲ್ಲಿ ಬ್ಲಾಂಕ್ ಎಂಬ ತಯಾರಕ 1785ರ ಹೊತ್ತಿಗೆ ಬದಲಾಯಿಸಬಹುದಾದ ಕೀಲುಗಳನ್ನು ಮಾಡಿ ತೋರಿಸಿದ್ದ. ಅದಕ್ಕೂ ಬಹುಪಾಲು ಕೈಯ ಅರವೇ ಆಸರೆ. ಅಮೆರಿಕದಲ್ಲಿ ಎಲಿ ವಿಟ್ನಿ 1798ರಲ್ಲಿ 10,000 ಮಸ್ಕೆಟ್‌ಗಳ ಗುತ್ತಿಗೆ ಹಿಡಿದು, ಎರಡು ವರ್ಷಕ್ಕೆ ಮುಗಿಸುವ ಭರವಸೆ ಕೊಟ್ಟು, ಮುಗಿಸಲು ಸುಮಾರು ಹತ್ತು ವರ್ಷ ತೆಗೆದುಕೊಂಡ. ಬಿಡಿಭಾಗ ಬದಲಾಯಿಸುವ ಕೀರ್ತಿ ಬಹುಕಾಲ ಅವನ ಹೆಸರಿಗೇ ಅಂಟಿಕೊಂಡಿತ್ತು. ಉಳಿದಿರುವ ಅವನ ಬಂದೂಕುಗಳನ್ನು ಆಮೇಲೆ ಬಿಚ್ಚಿ ನೋಡಿದಾಗ ಭಾಗಗಳು ಪರಸ್ಪರ ಹೊಂದುವುದಿಲ್ಲ ಎಂದು ಗೊತ್ತಾಯಿತು.

ಹೊಂದದಿರಲು ಕಾರಣವೇನು? ದರ್ಜಿಯ ಅಂಗಡಿಯ ಅಳತೆ ರವಿಕೆಯನ್ನು ನೆನಪಿಸಿಕೊಳ್ಳಿ. ಅಳತೆಗೆ ಕೊಟ್ಟ ರವಿಕೆ ನೋಡಿ ಒಂದು ಹೊಲಿದರೆ ಕೂದಲೆಳೆ ವ್ಯತ್ಯಾಸ. ಆ ಹೊಸದನ್ನೇ ಅಳತೆಗೆ ಇಟ್ಟುಕೊಂಡು ಇನ್ನೊಂದು, ಅದನ್ನು ನೋಡಿ ಮತ್ತೊಂದು ಹೊಲಿಯುತ್ತ ಹೋದರೆ ಹತ್ತನೆಯದು ತೋಳಿಗೇ ಏರುವುದಿಲ್ಲ. ತಪ್ಪು ಸಣ್ಣದೇ, ಆದರೆ ಒಂದರ ಮೇಲೊಂದು ಸೇರುತ್ತ ಹೋಗುತ್ತದೆ. ಒಂದೇ ತುಂಡಿನೊಳಗೂ ಹೀಗೇ ಆಗುತ್ತದೆ. ಮೊದಲ ತೂತಿನಿಂದ ಎರಡನೆಯದನ್ನು, ಎರಡನೆಯದರಿಂದ ಮೂರನೆಯದನ್ನು ಅಳೆದರೆ ಕೊನೆಯ ತೂತು ಎಲ್ಲೋ ಹೋಗಿ ನಿಲ್ಲುತ್ತದೆ.

ಹಾಲ್ ಇದಕ್ಕೆ ಎರಡು ಮದ್ದು ಕಂಡುಹಿಡಿದ. ಒಂದು, ಪ್ರತಿ ಭಾಗಕ್ಕೂ ಒಂದೇ ಒಂದು ಆಧಾರ ಬಿಂದು. ಎಲ್ಲ ಅಳತೆಯೂ, ಯಂತ್ರದಲ್ಲಿ ಕೂರಿಸುವುದೂ ಅಲ್ಲಿಂದಲೇ ಶುರು. ಎರಡು, ಗೇಜ್‌ಗಳು. ಒಂದು ಮೂಲ ಮಾದರಿ ಬಂದೂಕು ಮಾಡಿ, ಅದರ ಪ್ರತಿ ಅಂಚು, ತೂತು, ಬಾಗುಗಳಿಗೆ ಹೊಂದುವ ಉಕ್ಕಿನ ಅಳತೆಪಟ್ಟಿಗಳನ್ನು ತಯಾರಿಸಿದ. ಅವನು ಬಳಸಿದ ಗೇಜ್‌ಗಳ ಸಂಖ್ಯೆ 63. ದಿನಬಳಕೆಯಲ್ಲಿ ಗೇಜ್ ಕೂಡ ಸವೆಯುತ್ತದೆ. ಹಾಗಾಗಿ ಅವುಗಳನ್ನು ಪರೀಕ್ಷಿಸಲು ಇನ್ನೊಂದು ಜೊತೆಯನ್ನು ಎತ್ತಿಡುವುದೂ ಪದ್ಧತಿಯ ಭಾಗವಾಗಿತ್ತು.

ಹಾಲ್ ಬಂದೂಕಿಗೆ ಈ ನಿಖರತೆ ಶೋಕಿಯಾಗಿರಲಿಲ್ಲ, ಪ್ರಾಣದ ಪ್ರಶ್ನೆಯಾಗಿತ್ತು. ಮೇಲೇಳುವ ತುಂಡು ಮತ್ತು ನಳಿಕೆ ಸೇರುವಲ್ಲಿ ಸಂದು ಹೆಚ್ಚಾದರೆ ಬೆಂಕಿ, ಹೊಗೆ ಅಲ್ಲಿಂದಲೇ ಹೊರಗೆ ನುಗ್ಗುತ್ತದೆ. ಸಂದು ತೀರಾ ಕಡಿಮೆಯಾದರೆ ನಾಲ್ಕು ಗುಂಡು ಹಾರಿಸುವಷ್ಟರಲ್ಲಿ ಮಸಿ ಕಟ್ಟಿ ತುಂಡು ಮೇಲೇಳುವುದೇ ಇಲ್ಲ. ಇವತ್ತು ಯಾರಾದರೂ ಹಾಲ್ ಕಾರ್ಬೈನ್‌ನ ನಿಖರ ಪ್ರತಿಕೃತಿ ಮಾಡಹೊರಟರೂ ಬೆವರು ಸುರಿಸಬೇಕಾದದ್ದು ಇದೇ ಸಂದಿನ ಮುಂದೆ. ಮರದ ಹಿಡಿ, ನಳಿಕೆ, ಹೊಳಪು ಎಲ್ಲವನ್ನೂ ಕಣ್ಣಳತೆಯಲ್ಲಿ ಹೋಲಿಸಬಹುದು. ಈ ಕೂಡುವಿಕೆಯನ್ನು ಹೋಲಿಸಲು ಮೂಲದ ಅಳತೆಯೇ ಬೇಕು.

ನದಿ ದಂಡೆಯ ಕಾರ್ಖಾನೆ

1819ರ ಮಾರ್ಚ್ 19ರಂದು ಸರ್ಕಾರ ಹಾಲ್ ಜೊತೆ ಒಪ್ಪಂದ ಮಾಡಿಕೊಂಡಿತು. ವರ್ಜೀನಿಯಾದ ಹಾರ್ಪರ್ಸ್ ಫೆರಿಯಲ್ಲಿದ್ದ ಸರ್ಕಾರಿ ಶಸ್ತ್ರಾಗಾರದಲ್ಲಿ 1,000 ರೈಫಲ್ ಮಾಡಿಕೊಡಬೇಕು. ತಿಂಗಳಿಗೆ 60 ಡಾಲರ್ ಸಂಬಳ, ಪ್ರತಿ ಬಂದೂಕಿಗೆ 1 ಡಾಲರ್ ಗೌರವಧನ. ಪೊಟೋಮ್ಯಾಕ್ ಮತ್ತು ಶೆನಂಡೋವಾ ನದಿಗಳು ಕೂಡುವ ಜಾಗ ಅದು. ಶೆನಂಡೋವಾ ದಂಡೆಯ ಮೇಲೆ, ಮುಖ್ಯ ಕಾರ್ಖಾನೆಯಿಂದ ದೂರದಲ್ಲಿ ಹಾಲ್‌ಗೆ ಜಾಗ ಕೊಟ್ಟರು. ಊರಿನವರ ಬಾಯಲ್ಲಿ ಅದು ಹಾಲ್ಸ್ ರೈಫಲ್ ವರ್ಕ್ಸ್ ಆಯಿತು.

ಸಾವಿರ ರೈಫಲ್ ಎಂದರೆ ಒಂದೆರಡು ವರ್ಷದ ಕೆಲಸ ಎಂದು ಸರ್ಕಾರ ಅಂದುಕೊಂಡಿತ್ತು. ಹಾಲ್ ರೈಫಲ್ ಮಾಡುವ ಮೊದಲು ರೈಫಲ್ ಮಾಡುವ ಯಂತ್ರಗಳನ್ನು ಮಾಡತೊಡಗಿದ. ನೀರಿನ ಬಲದಿಂದ ತಿರುಗುವ ಕತ್ತರಿಸುವ ಯಂತ್ರ, ಕಬ್ಬಿಣವನ್ನು ಅಚ್ಚಿನಲ್ಲಿ ಬಡಿದು ರೂಪ ಕೊಡುವ ಭಾರದ ಸುತ್ತಿಗೆ, ನೇರ ಅಂಚಿಗೊಂದು, ಬಾಗಿದ ಅಂಚಿಗೊಂದು ಬೇರೆ ಬೇರೆ ಯಂತ್ರ. ವರ್ಷಗಳು ಉರುಳಿದವು, ಹಣ ಖರ್ಚಾಗುತ್ತಲೇ ಹೋಯಿತು, ಬಂದೂಕು ಮಾತ್ರ ಹೊರಗೆ ಬರಲಿಲ್ಲ. ಮೊದಲ ಸಾವಿರ ಮುಗಿಯುವಾಗ 1824 ಕಳೆಯುತ್ತ ಬಂದಿತ್ತು.

ಇಷ್ಟರಲ್ಲಿ ಹಾಲ್ ಸಾಕಷ್ಟು ವೈರಿಗಳನ್ನು ಸಂಪಾದಿಸಿದ್ದ. ಶಸ್ತ್ರಾಗಾರದ ಮುಖ್ಯಸ್ಥ ಜೇಮ್ಸ್ ಸ್ಟಬಲ್‌ಫೀಲ್ಡ್‌ಗೆ ಈ ಮೇನ್ ರಾಜ್ಯದ ಮನುಷ್ಯನ ಪ್ರಯೋಗ ದುಡ್ಡು ತಿನ್ನುವ ಬಿಳಿಯಾನೆಯಂತೆ ಕಂಡಿತು. ಊರಿನ ಕುಶಲಕರ್ಮಿಗಳ ಕೋಪಕ್ಕೂ ಅರ್ಥವಿತ್ತು. ವರ್ಷಗಟ್ಟಲೆ ಗುರುವಿನ ಬಳಿ ಕಲಿತ ಅರದ ವಿದ್ಯೆ ಅವರ ಅನ್ನ. ಹಾಲ್ ಹೇಳುತ್ತಿದ್ದದ್ದೋ, ತನ್ನ ಯಂತ್ರದ ಮುಂದೆ ಒಬ್ಬ ಹುಡುಗ ನಿಂತರೆ ಅರ ಹಿಡಿದ ಹಲವು ಕಸುಬುದಾರರ ಕೆಲಸ ಮಾಡುತ್ತಾನೆ ಎಂದು. ಅದು ಪೊಳ್ಳು ಜಂಬವೂ ಅಲ್ಲ. ಯಂತ್ರ ಬಂದಾಗ ಕೈಕಸುಬು ಏನಾಗುತ್ತದೆ ಎಂಬ ಪ್ರಶ್ನೆ ಆ ಊರಿನ ಬೀದಿಯಲ್ಲಿ ಆಗಲೇ ಎದ್ದು ನಿಂತಿತ್ತು.

ಹಾಲ್ ಬೆನ್ನಿಗೆ ನಿಂತವನು ಸೇನೆಯ ಶಸ್ತ್ರಾಸ್ತ್ರ ವಿಭಾಗದ ಕರ್ನಲ್ ಜಾರ್ಜ್ ಬಾಮ್‌ಫರ್ಡ್. ಮೇಲಿನಿಂದ ಪ್ರಶ್ನೆಗಳು ಬಂದಾಗಲೆಲ್ಲ ಅವನು ತಡೆಗೋಡೆಯಾದ. ಆದರೂ 1826ರ ಕೊನೆಗೆ ಹಾಲ್ ಕೆಲಸವನ್ನು ಪರಿಶೀಲಿಸಲು ತಜ್ಞರ ಸಮಿತಿ ಬಂದೇ ಬಂತು. ಕೆಲಸ ಉಳಿಯುತ್ತದೋ ಹೋಗುತ್ತದೋ ಎಂಬ ಗಳಿಗೆ.

ಸಮಿತಿಯವರು ಬಂದೂಕಿನ ಲೆಕ್ಕ ತಿಳಿದವರು, ಮಾತಿಗೆ ಮರುಳಾಗುವ ಜನವಲ್ಲ. 1824ರಲ್ಲಿ ಮಾಡಿದ 100 ರೈಫಲ್‌ಗಳನ್ನು ತರಿಸಿ ಬಿಚ್ಚಿಸಿದರು. ಭಾಗಗಳನ್ನು ಕಲಸಿ, ಹೊಸದಾಗಿ ಮಾಡಿದ ಮರದ ಹಿಡಿಗಳಿಗೆ ಕೈಗೆ ಸಿಕ್ಕಂತೆ ಜೋಡಿಸಿದರು. ಎಲ್ಲವೂ ಕೂತವು. ಯಾವ ಭಾಗ ಯಾವ ಬಂದೂಕಿನದು ಎಂದು ಹೇಳಲು ಸಾಧ್ಯವಿಲ್ಲದಷ್ಟು ಒಂದರಂತೆ ಒಂದಿದ್ದವು. ಇಷ್ಟು ನಿಖರವಾಗಿ ಒಂದನ್ನೊಂದು ಹೋಲುವ ಶಸ್ತ್ರಗಳನ್ನು ತಾವು ಬೇರೆಲ್ಲೂ ಕಂಡಿಲ್ಲವೆಂದು ಸಮಿತಿ ವರದಿ ಕೊಟ್ಟಿತು. ಅದೇ ಸುಮಾರಿಗೆ ಫೋರ್ಟ್ ಮನ್ರೋ ಕೋಟೆಯಲ್ಲಿ ಎರಡು ಕಂಪನಿ ಸೈನಿಕರು ತಿಂಗಳುಗಟ್ಟಲೆ ಹಾಲ್ ರೈಫಲ್ ಬಳಸಿ ನೋಡಿದ್ದರು. ಅಲ್ಲಿಂದಲೂ ಒಳ್ಳೆಯ ಮಾತೇ ಬಂತು.

ದೂರದ ಊರಲ್ಲೂ ಅದೇ ಬಂದೂಕು

ಒಂದೇ ಸೂರಿನಡಿ ಒಂದೇ ಥರದ ಬಂದೂಕು ಮಾಡುವುದು ಒಂದು ಹಂತ. ನೂರಾರು ಮೈಲಿ ದೂರದ ಬೇರೊಬ್ಬನ ಕಾರ್ಖಾನೆಯಲ್ಲಿ ಅದೇ ಬಂದೂಕಿನ ಪಡಿಯಚ್ಚು ಮಾಡಿಸುವುದು ಇನ್ನೂ ದೊಡ್ಡ ಪರೀಕ್ಷೆ. 1828ರಲ್ಲಿ ಕನೆಕ್ಟಿಕಟ್‌ನ ಮಿಡಲ್‌ಟೌನ್‌ನಲ್ಲಿದ್ದ ಸಿಮಿಯನ್ ನಾರ್ತ್‌ಗೆ ಸರ್ಕಾರ 5,000 ಹಾಲ್ ರೈಫಲ್‌ಗಳ ಗುತ್ತಿಗೆ ಕೊಟ್ಟಿತು. ಶರತ್ತು ಕಠಿಣ. ನಾರ್ತ್ ಮಾಡಿದ ಭಾಗ ಹಾರ್ಪರ್ಸ್ ಫೆರಿಯ ಬಂದೂಕಿಗೆ ಹೊಂದಬೇಕು, ಅಲ್ಲಿಯದು ಇಲ್ಲಿಗೆ ಹೊಂದಬೇಕು. ಆರಂಭದಲ್ಲಿ ತಕರಾರು ಬಂತು, ಅಳತೆ ತಪ್ಪಿತು. ಆದರೆ 1834ರ ಹೊತ್ತಿಗೆ ಎರಡು ಕಾರ್ಖಾನೆಗಳ ಬಂದೂಕುಗಳ ಭಾಗಗಳು ಅದಲುಬದಲಾಗಿ ಕೂರತೊಡಗಿದವು. ತಯಾರಿಕೆಯ ಇತಿಹಾಸದಲ್ಲಿ ಇದು ದೊಡ್ಡ ಮೈಲಿಗಲ್ಲು.

ಕಾರ್ಬೈನ್ ಬಂದದ್ದು ಇದೇ ಹೊತ್ತಿನಲ್ಲಿ. 1833ರಲ್ಲಿ ಅಮೆರಿಕ ಡ್ರಗೂನ್ ಎಂಬ ಕುದುರೆಪಡೆ ಕಟ್ಟಿತು. ಕುದುರೆ ಮೇಲೆ ಕೂತು ನಳಿಕೆಯ ಬಾಯಿಂದ ಗುಂಡು ತುಂಬುವುದು ಸರ್ಕಸ್ಸಿನ ಕೆಲಸ. ಹಾಲ್ ವಿಧಾನವೇ ಸರಿ ಎಂದು ತೀರ್ಮಾನವಾಯಿತು. ನಾರ್ತ್ ಕಾರ್ಖಾನೆಯಲ್ಲಿ ಹಾಲ್ ರೈಫಲ್‌ನ ಗಿಡ್ಡ ರೂಪ ಸಿದ್ಧವಾಯಿತು. ಅದರಲ್ಲಿ ಚಕಮಕಿ ಕಲ್ಲಿನ ಬದಲು ತಾಮ್ರದ ಸಣ್ಣ ಟೊಪ್ಪಿಗೆಯನ್ನು ಕೀಲು ಬಡಿದು ಕಿಡಿ ಹೊತ್ತಿಸುವ ಹೊಸ ಏರ್ಪಾಡು ಇತ್ತು. ಈ ಬಗೆಯ ಕಿಡಿಯನ್ನು ಅಮೆರಿಕದ ಸೇನೆ ಅಧಿಕೃತವಾಗಿ ಒಪ್ಪಿಕೊಂಡ ಮೊದಲ ಬಂದೂಕು ಇದೇ. ನಳಿಕೆಯ ಕೆಳಗೆ ಅಡಗಿ ಕೂರುವ, ಬೇಕಾದಾಗ ಹೊರಗೆಳೆಯುವ ಸಲಾಕೆಯಂಥ ಬಯೊನೆಟ್ ಕೂಡ ಇತ್ತು. 1836ರ ನಂತರ ಹಾರ್ಪರ್ಸ್ ಫೆರಿಯಲ್ಲೂ ಕಾರ್ಬೈನ್ ತಯಾರಾಯಿತು.

ಸೈನಿಕರು ಇದಕ್ಕೊಂದು ಅಡ್ಡ ಉಪಯೋಗವನ್ನೂ ಕಂಡುಕೊಂಡಿದ್ದರು. ಗುಂಡು ತುಂಬುವ ತುಂಡನ್ನು ಪೂರ್ತಿ ಬಿಚ್ಚಿ ತೆಗೆದರೆ ಅದೇ ಒಂದು ಪುಟ್ಟ ಪಿಸ್ತೂಲು. ಮೆಕ್ಸಿಕೋ ಯುದ್ಧದ ಸಮಯದಲ್ಲಿ ಪೇಟೆಗೆ ಹೋಗುವಾಗ ಅದನ್ನು ಜೇಬಿಗೆ ಹಾಕಿಕೊಂಡು ಹೋದವರಿದ್ದರು.

ಗೆದ್ದದ್ದು ಯಾವುದು, ಸೋತದ್ದು ಯಾವುದು

ಇಷ್ಟಾದರೂ ಹಾಲ್ ಬಂದೂಕಿನ ಆಯುಷ್ಯ ಗಟ್ಟಿಯಾಗಿರಲಿಲ್ಲ. ಹೊಸದಾಗಿದ್ದಾಗ ಸರಿಯಾಗಿ ಕೂರುತ್ತಿದ್ದ ಸಂದು ಬಳಸುತ್ತ ಬಳಸುತ್ತ ಸವೆಯಿತು. ಬೆಂಕಿಯ ಗಾಳಿ ಸೋರಿ ಗುಂಡಿನ ವೇಗ ತಗ್ಗಿತು, ಮರದ ಹಿಡಿಗೂ ಹಾನಿಯಾಯಿತು. ಸೈನಿಕರು ದೂರಿದರು. ಸೋರಿಕೆಗೆ ಪೂರ್ತಿ ಪರಿಹಾರ ಸಿಕ್ಕಿದ್ದು ಹಾಲ್ ಸತ್ತ ಎಷ್ಟೋ ವರ್ಷಗಳ ಮೇಲೆ, ಲೋಹದ ಕಾರ್ಟ್ರಿಜ್ ಬಂದಾಗ. ಸಿಡಿದಾಗ ಅದರ ಹಿತ್ತಾಳೆ ಅಥವಾ ತಾಮ್ರದ ಗೋಡೆಯೇ ಹಿಗ್ಗಿ ಸಂದನ್ನು ಮುಚ್ಚುತ್ತದೆ. ಹಾಲ್ ಎಷ್ಟೇ ನಿಖರವಾಗಿ ಉಕ್ಕು ಕತ್ತರಿಸಿದರೂ ಉಕ್ಕಿಗೆ ಹಾಗೆ ಹಿಗ್ಗುವ ಗುಣ ಬರುವಂತಿರಲಿಲ್ಲ.

ತನ್ನ ಯಂತ್ರಗಳಿಂದ ಸರ್ಕಾರಕ್ಕಾದ ಲಾಭಕ್ಕೆ ತಕ್ಕ ಪ್ರತಿಫಲ ಬೇಕೆಂದು ಹಾಲ್ 1836ರಲ್ಲಿ ಸಂಸತ್ತಿನ ಬಾಗಿಲನ್ನೂ ತಟ್ಟಿದ. ಆರೋಗ್ಯ ಹದಗೆಟ್ಟು 1840ರಲ್ಲಿ ಕಾರ್ಖಾನೆ ಬಿಟ್ಟು, ಮಿಸೌರಿ ರಾಜ್ಯದ ಹಂಟ್ಸ್‌ವಿಲ್‌ಗೆ ಹೋದ. 1841ರ ಫೆಬ್ರವರಿ 26ರಂದು ಅಲ್ಲೇ ತೀರಿಕೊಂಡ. ಆಗ 60 ವರ್ಷ. ಅವನ ಒಬ್ಬ ಮಗ ವಿಲಿಯಂ ಸಂಸತ್ ಸದಸ್ಯನಾದ, ಇನ್ನೊಬ್ಬ ವಿಲರ್ಡ್ 1864ರಲ್ಲಿ ಮಿಸೌರಿಯ ಗವರ್ನರ್ ಕುರ್ಚಿ ಏರಿದ. ಇಬ್ಬರೂ ಬಂದೂಕಿನ ಕೆಲಸಕ್ಕೆ ಕೈ ಹಾಕಲಿಲ್ಲ.

ಆದರೆ ಹಾಲ್ ಹೆಸರು ಎರಡು ಸಲ ಮತ್ತೆ ಸುದ್ದಿಯಾಯಿತು. 1859ರ ಅಕ್ಟೋಬರ್‌ನಲ್ಲಿ ಗುಲಾಮಗಿರಿಯ ವಿರುದ್ಧ ಸಿಡಿದೆದ್ದ ಜಾನ್ ಬ್ರೌನ್ ಹಾರ್ಪರ್ಸ್ ಫೆರಿಯ ಮೇಲೆ ದಾಳಿ ಮಾಡಿದಾಗ ಅವನ ಕೆಲವು ಸಂಗಡಿಗರು ವಶಪಡಿಸಿಕೊಂಡದ್ದು ಹಾಲ್ಸ್ ರೈಫಲ್ ವರ್ಕ್ಸ್ ಅನ್ನು. ಅಲ್ಲಿಂದ ನದಿಗೆ ಇಳಿದು ತಪ್ಪಿಸಿಕೊಳ್ಳಲು ಹೋಗಿ ಬ್ರೌನ್‌ನ ಆಪ್ತ ಜಾನ್ ಕಾಗಿ ಗುಂಡೇಟಿಗೆ ಬಲಿಯಾದ. ಎರಡು ವರ್ಷದ ಬಳಿಕ ಅಂತರ್ಯುದ್ಧ ಶುರುವಾದಾಗ ಸುಮಾರು 5,000 ಹಳೆಯ ಹಾಲ್ ಕಾರ್ಬೈನ್‌ಗಳನ್ನು ಸರ್ಕಾರ ತಲಾ 3.50 ಡಾಲರ್‌ಗೆ ಒಬ್ಬ ವ್ಯಾಪಾರಿಗೆ ಮಾರಿತು. ಅವನು 12.50 ಡಾಲರ್‌ಗೆ ಇನ್ನೊಬ್ಬನಿಗೆ ಮಾರಿದ. ಆ ಇನ್ನೊಬ್ಬ ನಳಿಕೆಗೆ ಗಾಡಿ ಕೊರೆಸಿ 22 ಡಾಲರ್‌ಗೆ ಅದೇ ಸರ್ಕಾರದ ಜನರಲ್ ಫ್ರೀಮಾಂಟ್‌ಗೆ ಒಪ್ಪಿಸಿದ. ಈ ವ್ಯವಹಾರಕ್ಕೆ ಸಾಲ ಕೊಟ್ಟವನು ಮುಂದೆ ಬ್ಯಾಂಕ್ ದೊರೆಯಾದ ಜೆ. ಪಿ. ಮಾರ್ಗನ್. ಹಾಲ್ ಕಾರ್ಬೈನ್ ಹಗರಣ ಎಂದೇ ಇದು ಕುಖ್ಯಾತಿ ಪಡೆಯಿತು.

ಹಾಲ್ ವಿಧಾನದ ಪಯಣ ಮಾತ್ರ ಬೇರೆಯದೇ ದಾರಿ ಹಿಡಿಯಿತು. ಗೇಜ್ ಮತ್ತು ಯಂತ್ರದ ಪದ್ಧತಿ ಒಂದು ಶಸ್ತ್ರಾಗಾರದಿಂದ ಇನ್ನೊಂದಕ್ಕೆ, ಅಲ್ಲಿಂದ ಖಾಸಗಿ ಕಾರ್ಖಾನೆಗಳಿಗೆ ಹರಡಿತು. 1851ರ ಲಂಡನ್ ಮಹಾ ಪ್ರದರ್ಶನದಲ್ಲಿ ಅಮೆರಿಕದ ರಾಬಿನ್ಸ್ ಮತ್ತು ಲಾರೆನ್ಸ್ ಕಂಪನಿ ಇಟ್ಟಿದ್ದ ಆರು ರೈಫಲ್‌ಗಳ ಬಿಡಿಭಾಗ ಅದಲುಬದಲು ಮಾಡಬಹುದಿತ್ತು. ಅದನ್ನು ನೋಡಿ ಬೆರಗಾದ ಬ್ರಿಟನ್, ಮುಂದೆ ಅಮೆರಿಕಕ್ಕೆ ಸಮಿತಿ ಕಳಿಸಿ ಅಂಥ ಯಂತ್ರಗಳನ್ನು ಕೊಂಡು ತನ್ನ ಎನ್‌ಫೀಲ್ಡ್ ಕಾರ್ಖಾನೆಯಲ್ಲಿ ಹೂಡಿತು. 1857ರ ಕಾರಣಕ್ಕೆ ಭಾರತೀಯರಿಗೆ ಚಿರಪರಿಚಿತವಾದ ಹೆಸರು ಅದು. ಆ ಕಾರ್ಖಾನೆಗೆ ಬಿಡಿಭಾಗ ಪೂರೈಸಿದ ನೆನಪಿನಲ್ಲೇ ಮುಂದೆ ಒಂದು ಸೈಕಲ್ ಕಂಪನಿ ರಾಯಲ್ ಎನ್‌ಫೀಲ್ಡ್ ಎಂಬ ಹೆಸರಿಟ್ಟುಕೊಂಡಿತು. ಹೊಲಿಗೆ ಯಂತ್ರ, ಗಡಿಯಾರ, ಸೈಕಲ್, ಕಾರು ಎಲ್ಲದರ ತಯಾರಿಕೆಯೂ ಕೊನೆಗೆ ಇದೇ ದಾರಿಗೆ ಬಂತು.

ಹಾರ್ಪರ್ಸ್ ಫೆರಿ ಇಂದು ರಾಷ್ಟ್ರೀಯ ಐತಿಹಾಸಿಕ ಉದ್ಯಾನ. ಅಂತರ್ಯುದ್ಧದ ಬೆಂಕಿಯಲ್ಲಿ ಹಾಲ್ ಕಾರ್ಖಾನೆ ನಾಶವಾಯಿತು. ಶೆನಂಡೋವಾ ದಂಡೆಯ ಮೇಲೆ ಈಗ ಉಳಿದಿರುವುದು ಅಡಿಪಾಯದ ಕಲ್ಲು ಮತ್ತು ನೀರು ಹರಿದ ಕಾಲುವೆಯ ಗುರುತು. ಅಲ್ಲಿ ಹುಟ್ಟಿದ ಕಾರ್ಬೈನ್‌ಗಳು ಸಂಗ್ರಹಕಾರರ ಬಳಿ, ಮ್ಯೂಸಿಯಂಗಳಲ್ಲಿ ಚದುರಿಹೋಗಿವೆ. ಒಂದರ ಕೀಲು ಕಳೆದುಹೋಗಿದ್ದರೆ ಎರಡು ಶತಮಾನದ ಹಿಂದಿನ ಇನ್ನೊಂದರ ಕೀಲನ್ನು ತಂದು ಕೂರಿಸಬಹುದೆಂಬ ಆಸೆಯನ್ನಾದರೂ ಅವು ಹುಟ್ಟಿಸುತ್ತವೆ. ಹಾಲ್ ತನ್ನ ಆಯುಷ್ಯದ ಇಪ್ಪತ್ತು ವರ್ಷ ಸವೆಸಿದ್ದು ಅಷ್ಟಕ್ಕಾಗಿಯೇ.